ನಿನ್ನ ಅವ್ವ ನಿನ್ನನ್ನು ಬಿಟ್ಟದ್ದು ಆಟದಲ್ಲಿ

ನಿನ್ನ ಅವ್ವ ನಿನ್ನನ್ನು ಬಿಟ್ಟು ಹೋಗುತ್ತೇನೆ ಅಂದದ್ದು ಆಟದಲ್ಲಿ, ಪ್ರಜ್ಞಾ. ಆ ಆಟ ಕಟ್ಟಿದವಳು ನಾನು. ಅದು ಆಟ ಅಂತ ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವಳೂ ನಾನೊಬ್ಬಳೇ — ಮತ್ತು ನಾನು ಗೊತ್ತಿಲ್ಲ ಅಂದೆ.

ದೊಡ್ಡವ್ವನ ಮನಸ್ಸು ಕರಗಿತು ಅಂದುಕೊಳ್ಳಬೇಡ. ನಿನ್ನ ಅವ್ವ ಸುಜಾತಾಳನ್ನು ಕಂಡರೆ ನನಗೆ ಅವತ್ತೂ ಆಗುತ್ತಿರಲಿಲ್ಲ, ಇವತ್ತೂ ಆಗುವುದಿಲ್ಲ. ಅವಳು ನಗುವ ರೀತಿ, ಪಾತ್ರೆ ಇಡುವ ಸಪ್ಪಳ, ಮಾತುಮಾತಿಗೂ ಅಕ್ಕ ಅಕ್ಕ ಎಂದು ಹಿಂದೆ ಬೀಳುವುದು... ಎಲ್ಲವೂ ಮೈ ಉರಿಸುತ್ತಿತ್ತು. ಒಂದೇ ಮನೆಗೆ ಸೊಸೆಯರಾಗಿ ಬಂದ ಮಾತ್ರಕ್ಕೆ ಯಾರೂ ಅಕ್ಕತಂಗಿಯರಾಗುವುದಿಲ್ಲ. ಆದರೆ ಆಗದಿರುವುದು ಬೇರೆ, ನಾನು ಮಾಡಿದ್ದು ಬೇರೆ.

ಭಾಲ್ಕಿಯಲ್ಲಿ ಬೋರುಗಳೆಲ್ಲ ಬತ್ತಿ, ಟ್ಯಾಂಕರ್ ಬಂದ ದಿನವೇ ಸ್ನಾನ ಅನ್ನುವಂತಾಗಿದ್ದ ಬೇಸಿಗೆ ಅದು. ಓಣಿಯ ಅರ್ಧ ಮನೆಗಳಿಗೆ ಬೀಗ. ಜನ ಹೈದರಾಬಾದ್, ಪುಣೆ ಎಂದು ಕೆಲಸ ಸಿಕ್ಕಲ್ಲಿಗೆ ಹೋಗಿದ್ದರು. ನಿಮ್ಮಪ್ಪನೂ ಹೈದರಾಬಾದಿನಲ್ಲಿ ಕೆಲಸ ನೋಡಿಕೊಂಡು ಬಂದಿದ್ದ; ಹೆಂಡತಿಯನ್ನೂ ನಿನ್ನನ್ನೂ ಕರೆದೊಯ್ಯುವವನಿದ್ದ. ಬೀದರ್‌ನಲ್ಲಿ ಡಿಗ್ರಿ ಮುಗಿಸಿದ ನಾನು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಬೇಕು, ಅರ್ಧಕ್ಕೇ ಶಾಲೆ ಬಿಟ್ಟವಳು ನಳ ಇರುವ ಕೋಣೆಗೆ ಹೋಗಬೇಕು — ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ... ನೀನು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದೆ. ನನಗೆ ಮಕ್ಕಳಿರಲಿಲ್ಲ. ನಿನ್ನನ್ನು ಒಯ್ಯುತ್ತಾರೆ ಅನ್ನುವುದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಒಬ್ಬರೇ ಕೂತು ಆಡುವ ಆಟಗಳ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ. ನೀನೂ ನೋಡಿದ್ದೀಯ — ಒಂದು ಕಟ್ಟು ಇಸ್ಪೀಟ್ ಎಲೆ, ಒಂದು ದಾಳ, ಎಲೆಗೊಂದು ಪ್ರಶ್ನೆ. ಎಲೆ ತಿರುಗಿಸಬೇಕು, ದಾಳ ಒಗೆಯಬೇಕು, ಬಿದ್ದಂತೆ ಕಥೆ ನಡೆಸಬೇಕು. ಎದುರಾಳಿ ಇಲ್ಲ. ಇನ್ನೊಬ್ಬರಾಗಿ ಸ್ವಲ್ಪ ಹೊತ್ತು ಬಾಳಿ ನೋಡುವುದು, ಅಷ್ಟೇ. ಆ ಬೇಸಿಗೆ ನಾನು ಕಟ್ಟಿದ್ದು ಬರಕ್ಕೆ ಊರು ಬಿಡುವ ಹೆಂಗಸಿನ ಆಟ. ಆಡುವವರು "ನಾನು" ಎಂದೇ ಮಾತಾಡಬೇಕು — ಆ ನಿಯಮ ನನ್ನದು. ಆಡಿ ನೋಡಲು ಯಾರಾದರೂ ಬೇಕಿತ್ತು, ಸುಜಾತಾ ಕೂತಳು. ಬರೆಯುವುದು ಅವಳಿಗೆ ತಡವಾಗುತ್ತದೆ ಎಂದು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಹಚ್ಚಿಕೊಟ್ಟೆ. ಅವಳು ಹೇಳುತ್ತ ಹೋದಳು. ಚೆನ್ನಾಗಿ ಆಡಿದಳು, ನನಗಿಂತ ಚೆನ್ನಾಗಿ. ಅದನ್ನೂ ನಾನು ಸಹಿಸಲಿಲ್ಲ.

ರಾಣಿಯ ಎಲೆ ಬಂತು. ಅದರ ಪ್ರಶ್ನೆ: ಜೀಪಿನಲ್ಲಿ ನಿನ್ನ ಜೊತೆ ಇನ್ನೊಬ್ಬರಿಗೇ ಜಾಗ, ಯಾರನ್ನು ಬಿಟ್ಟು ಹೋಗುತ್ತೀ? ದಾಳ ಒಗೆದಳು. ಬಿದ್ದ ಅಂಕಿಯ ಪ್ರಕಾರ ಬಿಡಬೇಕಾದದ್ದು ಮಗುವನ್ನು. ಅವಳು ರೆಕಾರ್ಡ್ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕ, ಇನ್ನೊಮ್ಮಿ ಒಗಿಲೇನ್ರಿ? ಇದು ಬ್ಯಾಡ್ರಿ ನನಗ."

"ಬಿದ್ದಂಗ ಹೇಳಬೇಕು," ಅಂದೆ.

ಮತ್ತೆ ರೆಕಾರ್ಡ್ ಹಚ್ಚಿ ಹೇಳಿದಳು. "ನನ್ನ ಮಗಳಿಗಿ ಇಲ್ಲೇ ಬಿಟ್ಟು ಹೊಂಟೀನಿ. ಹೊಳ್ಳಿ ಈ ಮನಿಗಿ ಬರಲ್ಲ."

ಅವರು ಹೊರಡುವ ಹಿಂದಿನ ದಿನ ಅಂಗಳದಲ್ಲಿ ನಿಮ್ಮಪ್ಪ, ಅಜ್ಜಿ ಕೂತಿದ್ದರು. ನಾನು ಮೊಬೈಲ್ ತಂದು ಆ ಎರಡು ಮಾತು ಮಾತ್ರ ಕೇಳಿಸಿದೆ. ನಿಮ್ಮ ಸೊಸೆ ಯಾರ ಜೊತೆ ಏನು ಮಾತಾಡುತ್ತಾಳೆ ಕೇಳಿ ಅಂದೆ. ನಿಮ್ಮಜ್ಜಿ ಮೊದಲೇ ಅವಳ ಮೇಲೆ ಹಲ್ಲು ಮಸೆಯುತ್ತಿದ್ದಳು. ನಿಮ್ಮಪ್ಪ — ಒಂದು ಮಾತು ವಿಚಾರಿಸದೆ ನಂಬಿದ. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ಅವನ ಕೈಗೆ ಕಲ್ಲು ಕೊಟ್ಟವಳು ನಾನೇ. ಸುಜಾತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅದು ಆಟ ಅದರಿ. ಅಕ್ಕನ ಕೇಳ್ರಿ, ಅಕ್ಕಗ ಗೊತ್ತದ."

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಹೌದು ಅನ್ನಬೇಕಿತ್ತು, ಅಷ್ಟೇ.

"ಯಾವ ಆಟ?" ಅಂದೆ.

ಅವಳು ಅಳಲಿಲ್ಲ. ಆಮೇಲೆ ನನ್ನನ್ನು ಅಕ್ಕ ಅನ್ನಲೇ ಇಲ್ಲ. ಅವಳನ್ನು ತವರೂರು ಸಂತಪುರದ ಬಸ್ಸಿಗೆ ಹತ್ತಿಸಿದರು. ನಿಮ್ಮಪ್ಪ ಒಬ್ಬನೇ ಹೈದರಾಬಾದಿಗೆ ಹೋದ. ನೀನು ನನಗೆ ಸಿಕ್ಕಿದೆ. ನಾಲ್ಕು ದಿನ ಪ್ರಯಾಣ ನಿಲ್ಲಲಿ ಅಂತಷ್ಟೇ ಈ ಸಂಚು ಹೂಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ — ಆದರೆ ನಾಲ್ಕು ದಿನ ಕಳೆದ ಮೇಲೂ ಬಾಯಿ ಬಿಡಲಿಲ್ಲವಲ್ಲ. ನಾನು ಮೊಬೈಲ್ ಕೇಳಿಸಿದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಅವ್ವನ ದನಿಯನ್ನು ನಿನ್ನ ಕಿವಿಯಾರೆ ಕೇಳಿದ್ದೆ. ಆ ದ್ವೇಷವನ್ನು ನಾನು ಅನ್ನದ ಜೊತೆ ಕಲಸಿ ಕಲಸಿ ಉಣಿಸಿದೆ.

ಆಮೇಲೆ ನಾನು ಬರೆದು ಹಂಚಿದ ಆ ಆಟವನ್ನು ಈಗ ಅಲ್ಲಿಲ್ಲಿ ಜನ ಆಡುತ್ತಾರೆ. ರಾಣಿಯ ಎಲೆಯನ್ನೇ ಹೆಚ್ಚು ಹೊಗಳುತ್ತಾರೆ. ಆಟದಲ್ಲಿ ಆಡಿದ ಮಾತನ್ನು ಆಟದ ಹೊರಗೆ ತರಬಾರದು ಎಂದು ಅವರಿಗೆ ನಾನು ಪಾಠ ಹೇಳುತ್ತೇನೆ, ಮಾನ ಮರ್ಯಾದೆ ಇಲ್ಲದೆ.

ಮೊನ್ನೆ ನೀನು ಬೀದರ್‌ನ ಹಾಸ್ಟೆಲಿನಿಂದ ಫೋನ್ ಮಾಡಿ ನಗುತ್ತ ಹೇಳಿದೆ: "ಆಕಿ ಬಂದಿದ್ದಳು ದೊಡ್ಡವ್ವ. ಗೇಟಿನಿಂದೇ ಹೊಳ್ಳಿ ಕಳಿಸಿದೆ. ನೀ ಯಾರಂತ ಕೇಳಿದೆ." ಸಂತಪುರದಿಂದ ಬಸ್ಸು ಹತ್ತಿ ಬಂದವಳನ್ನು ನೀನು ಗೇಟಿನಲ್ಲೇ ನಿಲ್ಲಿಸಿದ್ದು ಕೇಳಿ ನನಗೆ ಖುಷಿಯಾಯಿತು, ಪ್ರಜ್ಞಾ. ನಿಜವಾಗಿಯೂ ಖುಷಿಯಾಯಿತು. ಫೋನ್ ಇಟ್ಟ ಮೇಲೆ ನನ್ನ ಬಗ್ಗೆಯೇ ಹೇಸಿಗೆ ಹುಟ್ಟಿತು.

ಇನ್ನೂ ಒಂದು ಉಳಿದಿದೆ. ನಾನು ಕೇಳಿಸಿದ ಮಾತಿನ ಮುಂದೆಯೂ ಆ ರೆಕಾರ್ಡ್ ಇತ್ತು. ಅದರಲ್ಲಿ ಅವಳ ದನಿ: "ಬೀದರ್ ಬಸ್‌ಸ್ಟ್ಯಾಂಡಿನಾಗ ಇಳದೀನಿ. ಮುಂದ ಹೋಗಲ್ಲ. ಮಗಳಿಗಿ ಕರ್ಕೊಂಡು ಬರಲಾಕ ಹೊಳ್ಳಿ ಹೊಂಟೀನಿ." ಯಾವ ಎಲೆಯಲ್ಲೂ ಹಾಗೆ ಬರೆದಿರಲಿಲ್ಲ. ಅವಳು ದಾಳವನ್ನೂ ಒಗೆದಿರಲಿಲ್ಲ. ನನ್ನ ನಿಯಮ ಮುರಿದು, ತಾನಾಗಿಯೇ ಹಾಗೆ ಹೇಳಿದ್ದಳು. ಆಟ ಕೆಡಿಸಿದಳು ಎಂದು ನಾನು ಅವಳನ್ನು ಬೈದೆ.

ಅವಳನ್ನು ಬಸ್ಸಿಗೆ ಹತ್ತಿಸಿದ ಸಂಜೆ ಆ ರೆಕಾರ್ಡನ್ನು ಅಳಿಸಿಹಾಕಿದೆ.

ನಿಮ್ಮಪ್ಪನಿಗೂ ಅಜ್ಜಿಗೂ ಅದೇ ಅಂಗಳದಲ್ಲಿ ನಿಂತು ಇದನ್ನು ಹೇಳುತ್ತೇನೆ. ನಿನಗೆ ಕೊಡಲು ನನ್ನ ಹತ್ತಿರ ಬೇರೆ ಸಾಕ್ಷಿ ಇಲ್ಲ, ಈ ಬಾಯಿಮಾತು ಬಿಟ್ಟರೆ. ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ನಂಬಿದ್ದೀಯ. ಇದೊಂದನ್ನೂ ನಂಬು, ಸಂತಪುರಕ್ಕೆ ಹೋಗು. ಆಮೇಲೆ ನನ್ನ ಯಾವ ಮಾತನ್ನೂ ನಂಬಬೇಡ.