ಅಕ್ಕನ ಕಂಪ್ಯೂಟರಿನಲ್ಲಿ ಅಪ್ಪ

ಹೊಟ್ಟೆಕಿಚ್ಚಿಗೆ ಮದ್ದೇನಾದರೂ ಇದ್ದಿದ್ದರೆ ಮೊದಲ ಗುಟುಕನ್ನು ನಮ್ಮ ಬೀದಿಯ ಟೈಲರಮ್ಮನಿಗೇ ಕುಡಿಸಬೇಕಿತ್ತು. ಬೇರೆ ಯಾರ ಮೇಲೂ ಅಲ್ಲ, ಒಡಹುಟ್ಟಿದ ಅಕ್ಕನ ಮೇಲೆ! ಅಕ್ಕನಿಗೆ ಹೊಸ ಫ್ರಾಕು, ತನಗೆ ಅವಳು ಬಿಟ್ಟ ಹಳೆಯದು ಎಂಬ ಸಿಟ್ಟಿಗೇ ಹೊಲಿಗೆ ಕಲಿತವಳು ಈಕೆ. ಊರವರ ಎದೆ, ಸೊಂಟ, ತೋಳನ್ನೆಲ್ಲ ಕಣ್ಣಲ್ಲೇ ಅಳೆಯುತ್ತಾಳೆ; ಅಪ್ಪನ ಪ್ರೀತಿಯನ್ನು ಮಾತ್ರ ಇಂದಿಗೂ ಅಕ್ಕನ ಪಾಲಿನ ಪಕ್ಕದಲ್ಲಿಟ್ಟೇ ಅಳೆಯುವುದು.

ಅಪ್ಪ ತೀರಿಕೊಂಡ ಮೇಲೆ, ಅವರು ತೆಗೆದ ಫೋಟೋಗಳನ್ನೆಲ್ಲ ಅಕ್ಕ ತನ್ನ ಮನೆಯ ಕಂಪ್ಯೂಟರಿಗೆ ಹಾಕಿದಳು. ಹಳೆಯ ಕಾಗದದ ಪ್ರತಿಗಳನ್ನು ಗೆದ್ದಲು ತಿಂದು ತೇಗಿತು. ಆಮೇಲೆ ಅಕ್ಕನೇ ಏನೋ ಜೋಡಿಸಿಕೊಟ್ಟಳು: ಅಲ್ಲಿ ಕಂಪ್ಯೂಟರ್ ಆನ್ ಆಗಿದ್ದರೆ ಸಾಕು, ಇಲ್ಲಿ ತಂಗಿಯ ಮೊಬೈಲಿನಲ್ಲಿ ಫೋಟೋ ಕಾಣುತ್ತದೆ. ಅದಕ್ಕೂ ಇವಳದು ಕೊಂಕು.

"ಅಪ್ಪನ್ನ ನೋಡ್ಬೇಕಂದ್ರೂ ಮಹಾರಾಣಿ ಸ್ವಿಚ್ ಹಾಕ್ಬೇಕು!"

ಒಂದು ದಿನ ಗುಂಡಿ ಹಚ್ಚುವುದನ್ನು ಬಿಟ್ಟು ಫೋಟೋಗಳನ್ನು ಒಂದೊಂದೇ ಸರಿಸಿದಳು. ಸೈಕಲ್ ಮೇಲೆ ಅಕ್ಕ, ಬಾವಿಕಟ್ಟೆ ಮೇಲೆ ಅಕ್ಕ, ಹಲ್ಲು ಬಿದ್ದ ಬಾಯಿ ತೆರೆದು ಅಕ್ಕ. ಎಲ್ಲೋ ಒಂದೆರಡರಲ್ಲಿ ಅಮ್ಮನ ಬೆನ್ನ ಹಿಂದೆ ತಾನು. ಅಪ್ಪನ ಜೊತೆ ಒಂದೂ ಇಲ್ಲ! ಶಾಲೆಯ ಅಂಗಳದಲ್ಲಿ ಬಹುಮಾನದ ಕಪ್ ಹಿಡಿದು ಬೀಗುತ್ತಿದ್ದ ಅಕ್ಕ ಕಂಡಾಗ ಮೈಯೆಲ್ಲ ಉರಿಯಿತು.

"ನನ್ನ ಫೋನಲ್ಲಿ ನಿನಗೇನೇ ಕೆಲಸ? ತೊಲಗು" ಎಂದು ಅಳಿಸಿಯೇ ಬಿಟ್ಟಳು. ಫೋನಿನಲ್ಲಿ ಫೋಟೋವೇ ಇಲ್ಲ, ಇರುವುದೆಲ್ಲ ಅಕ್ಕನ ಮನೆಯಲ್ಲೇ, ಇಲ್ಲಿ ಅಳಿಸಿದರೆ ಅಲ್ಲೇ ಅಳಿದುಹೋಗುತ್ತದೆ ಎಂಬುದು ಪುಣ್ಯಾತ್ಗಿತ್ತಿಯ ತಲೆಗೆ ಹೋಗಿರಲಿಲ್ಲ.

ಸಂಜೆ ಅಕ್ಕನ ಫೋನು ಬಂತು.

"ಪುಟ್ಟೀ, ಕಪ್ ಹಿಡ್ಕೊಂಡಿರೋ ಫೋಟೋ ಅಳಿಸಿದ್ಯಾ? ಕಂಪ್ಯೂಟರಲ್ಲೂ ಇಲ್ಲ ಕಣೇ, ಎಲ್ಲೂ ಇಲ್ಲ."

"ಹೋದ್ರೆ ಹೋಗ್ಲಿ ಬಿಡು! ನಿಂದು ಇನ್ನೂ ರಾಶಿ ಬಿದ್ದಿದೆ. ಅಪ್ಪನ ಜೊತೆ ನಂದು ಒಂದಾದ್ರೂ ಇದ್ಯಾ?"

"ಅಯ್ಯೋ ಮಂಕೇ, ಅದೊಂದೇ ಇದ್ದಿದ್ದು! ನೆಲ ನೋಡ್ಲಿಲ್ವಾ? ಅಪ್ಪನ ನೆರಳು ನನ್ನ ಕಾಲ ತನಕ ಬಿದ್ದಿತ್ತು. ಆ ನೆರಳಿನ ಸೊಂಟದ ಮೇಲೆ ನೀನು. ಒಂದು ಕೈಲಿ ನಿನ್ನ ಎತ್ಕೊಂಡು ಇನ್ನೊಂದು ಕೈಲಿ ಫೋಟೋ ತೆಗೆದಿದ್ರು. ಗೆದ್ದವಳು ನಾನು, ಎತ್ಕೊಂಡಿದ್ದು ನಿನ್ನ. ಅವತ್ತು ನನಗೆಷ್ಟು ಹೊಟ್ಟೆ ಉರೀತು ಗೊತ್ತಾ?"

ಟೈಲರಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ನಾನು ಅಪ್ಪನ್ನ ಹೇಗೆ ಹಿಡ್ಕೊಂಡಿದ್ದೆ, ಹೇಳಕ್ಕಾ."

"ಕುತ್ತಿಗೆ ತಬ್ಕೊಂಡಿದ್ದೆ."

ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಗಳಗಳನೆ ಅತ್ತಳು. ಇಷ್ಟು ವರ್ಷ ಆ ನೆರಳನ್ನು ಕಣ್ತುಂಬ ನೋಡಿದವಳೂ ಅಕ್ಕನೇ ಎಂದು, ಅಳುವಿನ ನಡುವೆಯೂ ಅವಳ ಹೊಟ್ಟೆ ಉರಿಯಿತು.