ಕಾಳಜಿ ಖಾತೆಯ ಐನೂರು ರೂಪಾಯಿ

ಕಾಂಕ್ರೀಟು ಬಿರುಕು ಬಿಡಬಹುದು. ಇಳಿಜಾರು ತಪ್ಪಿ ಮಳೆನೀರು ಹಿತ್ತಲಿನಿಂದ ನೇರ ಅಡುಗೆಮನೆಗೆ ಬರಬಹುದು. ಕರಿಬೇವಿನ ಗಿಡ ಉಸಿರುಕಟ್ಟಿ ಸಾಯಬಹುದು. ಜಲ್ಲಿ ಖಡಿ ತಂದ ಟೆಂಪೋ ಪಕ್ಕದ ಮನೆಯವರ ಗೇಟಿಗೆ ತಾಗಿ, ಇಷ್ಟು ವರ್ಷದ ಸ್ನೇಹ ಮರಾಠಿಯಲ್ಲಿ ಮುರಿಯಬಹುದು. ಗೌಂಡಿ ಅರ್ಧಕ್ಕೆ ಬಿಟ್ಟು ಸ್ವಾರಗೇಟಿನಲ್ಲಿ ಊರಿನ ಬಸ್ಸು ಹತ್ತಬಹುದು. ಹೊಸ ಕಾಂಕ್ರೀಟಿನ ಮೇಲೂ ಅವ್ವ ಜಾರಬಹುದು. ಅರವತ್ತು ಸಾವಿರ ಒಂದು ಲಕ್ಷವಾಗಬಹುದು. ಆ ಒಂದು ಲಕ್ಷ ಮುಂದೆ ಏನಾಗಬಹುದು ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಇದನ್ನೆಲ್ಲ ನಾನು ಹೇಳಿ ಮುಗಿಸುವವರೆಗೆ ಭೀಮಶೆಪ್ಪ ಗೌಂಡಿ ಪುಣೆಯ ಬಿಬವೇವಾಡಿಯ ನಮ್ಮ ಹಿತ್ತಲಲ್ಲಿ ತುದಿಗಾಲ ಮೇಲೆ ಕೂತು, ಬೆರಳ ಗೆಣ್ಣು ಎಣಿಸುತ್ತಿದ್ದ.

"ಏಳು ಆದೂ," ಅಂದ. "ಭೂಕಂಪ ಬಿಟ್ರಲ್ರಿ ಸರ. ಅದನೂ ಹಿಡೀರಿ, ಎಂಟ ಆಗ್ಲಿ."

ಬಾಗಲಕೋಟೆ ಕಡೆಯವನು. ಪುಣೆಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರೆ "ಕೊಂಢವಾ ಕಡೆ ಬರೇ ಗುಡ್ಡ ಇದ್ದಾಗ ಬಂದೀನ್ರಿ" ಎನ್ನುತ್ತಿದ್ದ. ಮಟ್ಟ ನೋಡುವ ನೀರಿನ ಪೈಪನ್ನು ಸುರುಳಿ ಸುತ್ತಿ ಕೊರಳಿಗೆ ಹಾಕಿಕೊಂಡು ಹಳೆಯ ಸ್ಕೂಟರಿನಲ್ಲಿ ಬಂದಿಳಿದರೆ, ಶಿವನೇ ಹಾವು ಸಮೇತ ಬಂದಂತೆ ಕಾಣುತ್ತಿತ್ತು. ಸಿಮೆಂಟಿನ ಅಂಗಡಿಯವನ ಹತ್ತಿರ ಮರಾಠಿ, ಕೂಲಿಯವರ ಹತ್ತಿರ ಹಿಂದಿ. ಕಾಂಕ್ರೀಟಿನ ಜೊತೆ ಮಾತ್ರ ಕನ್ನಡ. ಹಲಗೆಯಿಂದ ಅದನ್ನು ಸವರುತ್ತ, "ಕುಂಡ್ರವಾ, ಸಾವಕಾಶ ಕುಂಡ್ರ" ಎಂದು ಪುಸಲಾಯಿಸುತ್ತಿದ್ದ.

ಹಿಂದಿನ ಮಳೆಗಾಲದಲ್ಲಿ ಅವ್ವ ಹಿತ್ತಲ ಕೆಸರಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅಂದಿನಿಂದ ಆಕೆಯ ರಾಜ್ಯಭಾರವೆಲ್ಲ ಅಡುಗೆಮನೆಯ ಹೊಸ್ತಿಲಿನಿಂದ. "ನನಗ್ಯಾಕಪಾ ಈ ವಯಸ್ಸಿನ್ಯಾಗ ಹಿತ್ತಲಾ?" ಅನ್ನುತ್ತಿದ್ದಳು, ಆದರೆ ಆಕೆಯ ಖುರ್ಚಿ ದಿನಕ್ಕೊಂದು ಬೆರಳಿನಷ್ಟು ಬಾಗಿಲಾಚೆ ಸರಿಯುತ್ತಿತ್ತು. ಈ ಮಳೆ ಶುರುವಾಗುವ ಮೊದಲು ಆಕೆಗೊಂದು ಸಮ ನೆಲ ಬೇಕಿತ್ತು. ಕೈಯಲ್ಲಿದ್ದದ್ದು ಅರವತ್ತು ಸಾವಿರ. ಅದರಲ್ಲಿ ಆಗದಿದ್ದರೆ ಮುಂದಿನ ವರ್ಷ. ಎಪ್ಪತ್ತೊಂಬತ್ತರ ಅವ್ವನ ಮುಂದೆ 'ಮುಂದಿನ ವರ್ಷ' ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಮೊದಲು ಬಂದ ಕಂತ್ರಾಟುದಾರ ಟ್ಯಾಬಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿ, ಹದಿನೆಂಟಕ್ಕೆ ಇಪ್ಪತ್ತು ಅಡಿ ಎಂದು ಒಂದು ಲಕ್ಷ ತೊಂಬತ್ತು ಸಾವಿರ ಹೇಳಿದ್ದ. ಅವನಿಗೆ ಚಹಾ ಕೊಟ್ಟೆವು. ನಾನು ಮಾತ್ರ ನೀರು ಕುಡಿದೆ.

ಭೀಮಶೆಪ್ಪನ ಬಜೆಟ್ಟೇ ಬೇರೆ. ನಾನು ಗೆರೆ ಹೊಡೆದ ನೋಟುಬುಕ್ಕು ತಂದೆ. ಅವನು ಒಂದು ಇಟ್ಟಿಗೆ ಚೂರು ಹೆಕ್ಕಿಕೊಂಡು, "ಮನ್ಯಾಗಿನ ಖುರ್ಚಿ ಎಲ್ಲಾ ತರ್ರಿ" ಅಂದ. ಆರು ಖುರ್ಚಿ ಬಂದವು.

"ಕುಂಡರ್ರಿ. ಚಾ ಕುಡೀರಿ. ನನ್ನ ಕಡೆ ನೋಡಬ್ಯಾಡ್ರಿ."

ನಾನು, ಹೆಂಡತಿ ಶೈಲಾ, ಮಗಳು ಮಣ್ಣಿನ ಹಿತ್ತಲಲ್ಲಿ ಕಪ್ಪು ಹಿಡಿದು ಗೊಂಬೆಗಳ ಹಾಗೆ ಕೂತೆವು. ಅವನು ನಮ್ಮ ಚಾಚಿದ ಕಾಲುಗಳ ಸುತ್ತ ಗೆರೆ ಎಳೆದ. ಖಾಲಿ ಖುರ್ಚಿಗಳನ್ನು ತೋರಿಸಿ, "ಇವು ಯಾರ್ವು?" ಎಂದ.

"ಯಾರಾದ್ರೂ ಬಂದ್ರ ಬೇಕಲ್ಲ," ಅಂದೆ.

"ಬಂದಾವ್ರು ಹಾಲ್‌ನ್ಯಾಗ ಕುಂಡರ್ತಾರ್ರಿ. ಹಿತ್ತಲ ಮನಿ ಮಂದೀದು." ಎರಡು ಖುರ್ಚಿ ಒಳಗೆ ಹೋದವು. ಉಳಿದ ಒಂದನ್ನು ಎತ್ತಿಕೊಂಡು ಹೊಸ್ತಿಲ ಕಡೆ ತಿರುಗಿದ. "ಅವ್ವಾರ, ನಿಮ್ಮದು ಎಲ್ಲಿಡ್ಲಿ?"

"ಕರಿಬೇವಿನ ಬಾಜೂಕ," ಎಂದಳು ಅವ್ವ, ಒಂದು ಕ್ಷಣವೂ ತಡೆಯದೆ. "ಅಲ್ಲಿ ಐದರ ತನಕಾ ಬಿಸಲಿರ್ತದ."

ಹಿತ್ತಲೇ ಬೇಡವೆಂದವಳು ಬಿಸಿಲಿನ ವೇಳೆ ಸಮೇತ ಜಾಗ ಆರಿಸಿಟ್ಟಿದ್ದಳು. ಶೈಲಾ ನನ್ನ ಮುಖ ನೋಡಿದಳು. ನಾನು ಖಾಲಿ ಕಪ್ಪಿನಲ್ಲಿ ಚಹಾ ಹುಡುಕಿದೆ.

ಗೆರೆ ಅಳೆದರೆ ಹತ್ತಕ್ಕೆ ಹನ್ನೆರಡು ಅಡಿ. ಕಂಪೌಂಡ್ ಗೋಡೆಯ ಮೇಲೆ ಅದೇ ಇಟ್ಟಿಗೆ ಚೂರಿನಿಂದ ಬರೆದ: ಮಣ್ಣು ತೆಗೆಯುವುದು, ಖಡಿ, ಉಸುಕು, ಸಿಮೆಂಟು, ಕೂಲಿ, ಹೊಸ್ತಿಲಿನಿಂದ ಅವ್ವನಿಗೊಂದು ಇಳಿಜಾರು. ಕೊನೆಯಲ್ಲಿ: ಸರ್ ಕಾಳಜಿ, ೫೦೦.

"ಇದೇನ್ರಿ?"

"ಎಲ್ಲಾ ಮನಿಗೂ ಹಿಡೀತೀನ್ರಿ. ಮಾಲಕರ ಚಿಂತಿ-ಕಾಳಜಿ ಏನರೆ ಒಂದ ಕೆಡಸೇ ಕೆಡಸ್ತದ. ಎಂಜಿನಿಯರ್ ಇದ್ರ ಸಾವಿರ. ನೀವು ಬ್ಯಾಂಕಿನ್ಯಾಗ ಇದ್ದೀರಿ, ಅದಕ್ಕ ಐನೂರು."

"ಕಡಿಮಿ ಆತ್ರಿ ಭೀಮಶೆಪ್ಪ," ಎಂದಳು ಶೈಲಾ. "ಇವರಿಗೆ ಎರಡ ಸಾವಿರ ಹಿಡೀರಿ."

ಒಟ್ಟು ನಲವತ್ತೆಂಟೂವರೆ ಸಾವಿರ. ನಾನು ಮೂರು ಸಲ ಕೂಡಿಸಿದೆ. ತಪ್ಪು ಸಿಗದ್ದಕ್ಕೇ ಕಾಳಜಿಯಾಯಿತು.

ಕಾಂಕ್ರೀಟು ಸುರಿದ ದಿನ ನಾನು ರಜೆ ಹಾಕಿದೆ. ಮೋಡವಿಲ್ಲದ ಆಕಾಶದ ಕೆಳಗೆ ಛತ್ರಿ ಹಿಡಿದು ನಿಂತಿದ್ದ ನನ್ನನ್ನು ಅವನು ಎರಡು ಸಲ ಅಂಗಡಿಗೆ ಅಟ್ಟಿದ. ಸಂಜೆ ಪೈಪು ಕೊರಳಿಗೇರಿಸಿ ಹೊರಟವನು ಬಾಗಿಲಲ್ಲಿ ನಿಂತ. "ಮುಂಜಾನಿ ತನಕ ಯಾರೂ ಕಾಲ ಇಡಬ್ಯಾಡ್ರಿ. ಯಾರೂ ಅಂದ್ರ ನೀವ."

ಅವನ ಸ್ಕೂಟರಿನ ಸದ್ದು ಕರಗುವ ಮೊದಲೇ ಮೂಲೆಯಲ್ಲಿ ನನಗೊಂದು ಬಿರುಕು ಕಂಡಿತು. ಕೂದಲಿನಷ್ಟು ಸಣ್ಣದು. ಬಗ್ಗಿದೆ. ಇನ್ನಷ್ಟು ಬಗ್ಗಿದೆ. ಚಪ್ಪಲಿ ಹಿಂದೆ ಉಳಿಯಿತು, ಬಲಗಾಲು ಮುಂದೆ ಹೋಯಿತು. ಬಿರುಕೆಂದುಕೊಂಡದ್ದು ಕರಿಬೇವಿನ ಕಡ್ಡಿ.

ಬೆಳಿಗ್ಗೆ ಭೀಮಶೆಪ್ಪ ಗುರುತನ್ನು ನೋಡಿದ, ನನ್ನ ಕಾಲನ್ನು ನೋಡಿದ. ಯಾರದೆಂದು ಕೇಳಲಿಲ್ಲ.

"ಐನೂರು ಖರ್ಚ ಆತು," ಅಂದ.

"ತುಂಬಿಬಿಡ್ರಿ ಮಾರಾಯ್ರೆ."

"ತ್ಯಾಪಿ ಹಚ್ಚಿದ್ರ ಕಿತ್ತ ಬರ್ತದ್ರಿ. ಇರ್ಲಿ ಬಿಡ್ರಿ. ನಿಮ್ಮ ಕಾಳಜಿ ಹೊರಗ ಬಂದು ಕುಂತದ. ಒಳಗ ಇದ್ದಿದ್ರ ಬಿ.ಪಿ. ಆಗ್ತಿತ್ತು."

ಹತ್ತು ದಿನ ಕಾಂಕ್ರೀಟಿಗೆ ನೀರುಣಿಸುವ ಕೆಲಸವನ್ನು ನನಗೇ ವಹಿಸಿದ. "ಕಾಳಜಿ ಮಾಡೋರು ಒಂದ ಹೊತ್ತೂ ತಪ್ಪಸಂಗಿಲ್ರಿ" ಎಂದ. ನನ್ನ ಚಿಂತೆಗೆ ಜೀವಮಾನದಲ್ಲಿ ಸಿಕ್ಕ ಮೊದಲ ನೌಕರಿ ಅದು.

ಹನ್ನೊಂದನೆಯ ದಿನ ಬಂದು, "ನೀರಿಗೇ ಕೇಳೂನ್ರಿ, ಅದು ಸುಳ್ಳ ಹೇಳಂಗಿಲ್ಲ" ಎಂದು ಹೊಸ್ತಿಲಲ್ಲಿ ಒಂದು ಚರಿಗೆ ನೀರು ಸುರಿದ. ಅದು ಅವಸರವಿಲ್ಲದೆ ಇಳಿದು ಕರಿಬೇವಿನ ಬುಡ ಸೇರಿತು. ಅದರ ಹಿಂದೆಯೇ ಅವ್ವ, ಯಾರ ಕೈಯನ್ನೂ ಹಿಡಿಯದೆ ನಡೆದುಹೋಗಿ, ತನ್ನ ಖುರ್ಚಿಯಲ್ಲಿ ಕೂತಳು. ಭೀಮಶೆಪ್ಪ ಆಗಲೇ ಸುತ್ತಿದ್ದ ಪೈಪನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ನಾನು ಅವನನ್ನು ಕೊನೆಯದಾಗಿ ನೋಡಿದ್ದು ಹಾಗೆ.

ಈಗ ಅವನು ಊರಿನಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದಾನೆ. ಫೋನಿನಲ್ಲಿ ಕೇಳಿದೆ: "ನಿಮ್ಮ ಮನಿಗೆ ಕಾಳಜಿ ಖಾತೆ ಎಷ್ಟ ಹಿಡದೀರಿ?"

"ಐದ ಸಾವಿರ ಹಿಡದಿದ್ನಿರಿ," ಎಂದ. ಧ್ವನಿ ಸಣ್ಣದಾಗಿತ್ತು. "ಸಾಕಾಗವಲ್ದ್ರಿ ಸರ."

ಮಳೆ ಬಂತು. ಬಿರುಕಿಲ್ಲ. ಅಡುಗೆಮನೆ ಒಣಗಿಯೇ ಇದೆ. ಕರಿಬೇವು ಹೊಸ ಚಿಗುರು ಬಿಟ್ಟಿದೆ. ಪಕ್ಕದ ಮನೆಯವರು ಅದನ್ನು ಕೇಳಿ ಒಯ್ಯುತ್ತಾರೆ. ಭೂಕಂಪವೂ ಆಗಿಲ್ಲ. ಬಂದವರನ್ನು ಹಾಲ್‌ನಲ್ಲಿ ಕೂರಿಸಬೇಕೆಂಬ ಭೀಮಶೆಪ್ಪನ ಕಟ್ಟಳೆಯನ್ನು ಅವ್ವ ಮಾತ್ರ ದಿನವೂ ಮುರಿಯುತ್ತಾಳೆ. ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು, ಹತ್ತಕ್ಕೆ ಹನ್ನೆರಡು ಅಡಿಯಲ್ಲಿ ನೀರು ನಿಲ್ಲುವ ಒಂದೇ ಒಂದು ಜಾಗವನ್ನು ಮೊದಲು ತೋರಿಸುತ್ತಾಳೆ. ಅದಕ್ಕೆ ಐದು ಬೆರಳಿವೆ.