ಅವ್ವನ ರಿಪೋರ್ಟ್ ಬಂದ ದಿನ

ಇವತ್ತು ಬೆಳಿಗ್ಗೆ ಹಂಚಿನ ಮೇಲೆ ಜೋಳದ ರೊಟ್ಟಿ ಸೀದುಹೋಯಿತು. ಆ ವಾಸನೆಗೆ ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಕಮಲಾಪುರದ ನಮ್ಮ ಹಳೆಯ ಅಡುಗೆಮನೆಯಲ್ಲಿದ್ದೆ.

ಅವ್ವ ಕಲಬುರಗಿಗೆ ಹೋಗಿದ್ದಳು. ಜೇವರ್ಗಿ ಕಾಲೋನಿಯ ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ನನಗೆ ಹೇಳಿದ್ದರು. ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿತ ಎಂದಿಗಿಂತ ಜೋರು.

ಅಪ್ಪ ಬಸ್ಸಿಳಿದು ಓಡಿ ಬಂದವನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಅಜ್ಜಿಯ ಭುಜ ಹಿಡಿದ.

“ಯವ್ವಾ, ರಿಪೋರ್ಟ್ ಬಂತು. ಎದಿಯಾಗಿನ ಗಂಟು ಕ್ಯಾನ್ಸರ್ ಅಲ್ಲಂತ! ನಾಳಿ ಮನಿಗೆ ಕರ್ಕೊಂಡು ಹೋಗ್ರಿ ಅಂದಾರ ಡಾಕ್ಟರು.”

ಅಜ್ಜಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪನೂ ಅತ್ತ. ಹಂಚಿನ ಮೇಲಿನ ರೊಟ್ಟಿಯನ್ನು ಯಾರೂ ತಿರುವಲಿಲ್ಲ.

ನಾನು ಅಪ್ಪನ ಅಂಗಿ ಹಿಡಿದು ಜಗ್ಗಿದೆ. “ಯಾರಿಗೆ ಕ್ಯಾನ್ಸರ್?” ಎಂದೆ.

“ನಿಮ್ಮವ್ವಗ ಅಂತ ಅಂಜಿದ್ವಿ. ಏನೂ ಇಲ್ಲಂತ, ಬಿಡವ್ವ,” ಎಂದು ಅಪ್ಪ ಅಳುತ್ತಲೇ ನಕ್ಕ.

ಅವರ ಅಂಜಿಕೆ ಅಂದು ಮುಗಿಯಿತು. ನನ್ನದು ಅಂದೇ ಶುರುವಾಯಿತು. ಮರುದಿನ ಅವ್ವ ಬಂದಾಗ ಹಿಡಿದ ಸೆರಗನ್ನು ಬಚ್ಚಲ ಬಾಗಿಲಲ್ಲೂ ಬಿಡಲಿಲ್ಲ.

ಈಗ ಅವಳಿಗೆ ಮುಪ್ಪು, ಆರೋಗ್ಯವಾಗಿದ್ದಾಳೆ. ಆದರೂ ಪಕ್ಕದ ಕೋಣೆಯಲ್ಲಿ ಅವಳು ಸುಮ್ಮನೆ ಕೆಮ್ಮಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡಿ ಬರುತ್ತೇನೆ.